ಚಾಪೆಲ್‌ಗೆ ‘ಜೀರ್ಣೋದ್ಧಾರ’ ಎನ್ನಬಹುದೇ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಸಿಂಗಪುರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಚೈಮ್ಸ್ ಎಂಬ ಹಳೆಯ ಕಾನ್ವೆಂಟ್ (ಕ್ರೈಸ್ತ ಸನ್ಯಾಸಿನಿಯರ ಮಠ) ಆವರಣವನ್ನು ನೋಡಿ ಬಂದೆ. ಅಲ್ಲಿ 1904ರಲ್ಲಿ ಕಟ್ಟಿ ಮುಗಿಸಿದ ನವ ಗಾಥಿಕ್ ಶೈಲಿಯ ಚಾಪೆಲ್, ಅಂದರೆ ಕ್ರೈಸ್ತರ ಪ್ರಾರ್ಥನಾಮಂದಿರ, ಇದೆ. ಮೊನಚು ಕಮಾನುಗಳು, ಬೆಲ್ಜಿಯಂನ ಬಣ್ಣದ ಗಾಜುಗಳು, ಕಂಬಗಳ ನೆತ್ತಿಯಲ್ಲಿ ಗಿಡ ಮತ್ತು ಹಕ್ಕಿಗಳ ಕೆತ್ತನೆ. 1983ರಲ್ಲಿ ಅಲ್ಲಿನ ಪೂಜೆ ನಿಂತಿತು. 1996ರಲ್ಲಿ ಆವರಣ ಹೊಸ ಬಳಕೆಗೆ ತೆರೆದುಕೊಂಡಿತು. ಚಾಪೆಲ್‌ನಲ್ಲಿ ಈಗ ಮದುವೆ, ಸಮಾರಂಭ ನಡೆಯುತ್ತವೆ. ಇದನ್ನು ಕುರಿತು ಬರೆಯಲು ಕುಳಿತರೆ ಮೂರು ಕಡೆ ಪದ ಸಿಗುತ್ತಿಲ್ಲ.

ಮೊದಲನೆಯದು ಜೀರ್ಣೋದ್ಧಾರ. ಜೀರ್ಣವಾದುದನ್ನು ಮೇಲೆತ್ತುವುದು ಎಂಬ ಅರ್ಥದಲ್ಲಿ ತಪ್ಪೇನಿಲ್ಲ. ಆದರೆ ನಮ್ಮೂರುಗಳಲ್ಲಿ ಆ ಪದ ಕೇಳಿದೊಡನೆ ಕಣ್ಣಿಗೆ ಬರುವುದು ಹಳೆಯ ಗುಡಿಯನ್ನು ಬಿಚ್ಚಿ ಶಿಲಾಮಯ ಗರ್ಭಗುಡಿ ಕಟ್ಟುವುದು, ಕೊನೆಗೆ ಮರುಪ್ರತಿಷ್ಠೆಯ ಬ್ರಹ್ಮಕಲಶೋತ್ಸವ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ 1990ರ ದಶಕದಲ್ಲಿ ಇಟಲಿಯ ಕಲಾವಿದ ಮೊಸ್ಕೇನಿಯ ಗೋಡೆ, ಛಾವಣಿಯ ಚಿತ್ರಗಳಿಗೆ ಆದದ್ದು ಅದಲ್ಲ. ಅಲ್ಲಿ ಇದ್ದ ಬಣ್ಣವನ್ನೇ ಉಳಿಸಿಕೊಂಡರು. ನವೀಕರಣ ಎಂದರೆ ಇನ್ನೂ ದೂರ ಹೋಗುತ್ತೇವೆ. ಸದ್ಯಕ್ಕೆ ‘ಮೂಲರೂಪಕ್ಕೆ ತರುವುದು’ ಎಂದು ಬಿಡಿಸಿ ಬರೆದಿದ್ದೇನೆ. ಒಂದೇ ಪದವಿದ್ದರೆ ಚೆನ್ನಾಗಿತ್ತು.

ಎರಡನೆಯದು ನನ್ನನ್ನು ಹೆಚ್ಚು ಕಾಡಿದೆ. ಪೂಜಾಸ್ಥಳವನ್ನು ವಿಧಿಪೂರ್ವಕವಾಗಿ ಸಾಮಾನ್ಯ ಕಟ್ಟಡವಾಗಿಸುವುದಕ್ಕೆ ಏನೆನ್ನಬೇಕು? ದೇವಸ್ಥಾನದ ಕೆಲಸ ಆರಂಭವಾಗುವಾಗ ಕಲಾಸಂಕೋಚ (ಮೂರ್ತಿಯಲ್ಲಿನ ದೇವರ ಕಳೆಯನ್ನು ಕುಗ್ಗಿಸುವ ವಿಧಿ) ಮಾಡಿ ದೇವರನ್ನು ಬಾಲಾಲಯ ಎಂಬ ತಾತ್ಕಾಲಿಕ ಗುಡಿಗೆ ಕರೆದೊಯ್ಯುತ್ತಾರೆ. ಎಷ್ಟು ಸುಂದರ ಪದ! ಆದರೆ ಅಲ್ಲಿ ದೇವರು ಮರಳಿ ಬರುತ್ತಾರೆ, ಊರೆಲ್ಲ ಆ ದಿನಕ್ಕೆ ಕಾಯುತ್ತದೆ. ಇಲ್ಲಿ ಮರಳುವ ಮಾತೇ ಇಲ್ಲ. ಹಾಗಾಗಿ ಆ ಪದವನ್ನು ಎರವಲು ತರಲು ಮನಸ್ಸು ಒಪ್ಪುತ್ತಿಲ್ಲ. ‘ಪಾವಿತ್ರ್ಯ ತೆಗೆಯುವುದು’ ಎಂದರೆ ಮೈಲಿಗೆ ಮಾಡಿದಂತೆ ಕೇಳಿಸುತ್ತದೆ. ಕ್ರೈಸ್ತ ಬಂಧುಗಳು ಕನ್ನಡದಲ್ಲಿ ಏನು ಬರೆಯುತ್ತಾರೆ?

ಇನ್ನು ಹೊಸ ಬಳಕೆ. ‘ಮರುಬಳಕೆ’ಯನ್ನು ಪ್ಲಾಸ್ಟಿಕ್ ಬಾಟಲಿಗಳು ಕೊಂಡೊಯ್ದಾಗಿವೆ. ‘ಮರುವಿನಿಯೋಗ’ ಎಂದು ಬರೆದು ಹೊಡೆದುಹಾಕಿದೆ, ಹಣದ ಲೆಕ್ಕದಂತಿತ್ತು. ಸರಳವಾಗಿ ‘ಬಳಕೆ ಬದಲು’ ಎಂದರೆ ಸಾಲದೇ?

ಜೊತೆಗೆ ಒಂದು ಚಿಕ್ಕ ಸಂದೇಹ. ಪೋರ್ಚುಗೀಸಿನಿಂದ ಬಂದ ಇಗರ್ಜಿ (ಚರ್ಚ್) ನಮ್ಮ ಕರಾವಳಿಯ ಕನ್ನಡದಲ್ಲಿ ನೆಲೆಸಿದೆ. ಅದೇ ದಾರಿಯಲ್ಲಿ ಕೊಂಕಣಿಗೆ ಬಂದ, ಚಾಪೆಲ್ ಎಂಬರ್ಥದ ‘ಕೊಪೆಲ್’ ಅನ್ನು ಕನ್ನಡ ಬರಹದಲ್ಲಿ ಯಾರಾದರೂ ಬಳಸಿರುವುದನ್ನು ಕಂಡಿದ್ದೀರಾ? ಕಂಡಿದ್ದರೆ ಆ ವಾಕ್ಯವನ್ನೇ ದಯವಿಟ್ಟು ಕಳುಹಿಸಿ.