ತೆಂಗಿನ ಹಾಲು ಪ್ರತಿ ಸಲ ಒಡೆಯುತ್ತಿದೆ (ವೆಜ್ ಥಾಯ್ ನೂಡಲ್ ಸೂಪ್) – ಅರ್ಜೆಂಟ್

ತೊಗರಿನಾಡು, ಕಲಬುರಗಿ
ತಲೆ ಕೆಟ್ಟು ಹೋಗಿದೆ. ಸೂಪ್ ಮಾಡಿದಾಗಲೆಲ್ಲ ಹಾಲು ಒಡೆಯುತ್ತೆ. ಮೇಲೆ ಎಣ್ಣೆ, ಕೆಳಗೆ ತಿಳಿ ನೀರು, ನಡುವೆ ಬಿಳಿ ಹರಳು ಹರಳು. ನೂಡಲ್ಸೂ ಮುದ್ದೆ. ನಮ್ಮ ಕಡೆ ಕಾಯಿ ಬೆಳೆಯಲ್ಲ, ದುಡ್ಡು ಕೊಟ್ಟು ತಂದು ಚೆಲ್ಲೋಕೆ ಹೊಟ್ಟೆ ಉರಿಯುತ್ತೆ. ಎಲ್ಲ ಸರಿಯಾಗೇ ಹಾಕಿದ್ದೀನಿ. ಭಾನುವಾರ ಮನೆಗೆ ಜನ ಬರ್ತಿದ್ದಾರೆ, ಬೇಗ ಹೇಳಿ.

ಭೀಮಾತೀರ, ಯಾದಗಿರಿ
ಮೊದಲು ನೀರು ನೋಡ್ರಿ. ಗಡಸು ಬೋರ್ ನೀರಲ್ಲಿ ತೊಗರಿ ಬೇಳೆನೇ ಬೇಗ ಬೇಯಲ್ಲ. ಇನ್ನು ತೆಂಗಿನ ಹಾಲು ನಿಲ್ಲುತ್ತಾ?

ಕೋಟೆಕೆಳಗೆ, ಬೀದರ್
ಯಾವ ಸೂಪ್ ಅಂತ ನೀವು ಹೇಳೇ ಇಲ್ಲ. ಕೆಂಪು ಕರಿ ಪೇಸ್ಟಿನದ್ದಾದ್ರೆ ಮೇಲೆ ಎಣ್ಣೆ ತೇಲಲೇಬೇಕು. ಥಾಯ್ ಅಡುಗೆಯಲ್ಲಿ ಗಟ್ಟಿ ಹಾಲನ್ನು ಬೇಕಂತಲೇ ಕಾಯಿಸಿ ಎಣ್ಣೆ ಬಿಡಿಸಿ, ಅದರಲ್ಲೇ ಪೇಸ್ಟ್ ಹುರಿಯುತ್ತಾರೆ. ತೊಮ್ ಖಾ (ತೆಂಗಿನ ಹಾಲಿನ ಹುಳಿ ಸೂಪ್) ಆದ್ರೆ ಮಾತ್ರ ಒಡೆಯಬಾರದು. ಹಾಲು ಡಬ್ಬಿದಾ, ಮನೆಯಲ್ಲಿ ಹಿಂಡಿದ್ದಾ? ನಿಂಬೆರಸ ಯಾವಾಗ ಹಾಕ್ತೀರಿ?

ಭೀಮಾತೀರ
ಅದೆಲ್ಲ ಆಮೇಲೆ. ನೀರಿನ ಟಿಡಿಎಸ್, ಅಂದ್ರೆ ಕರಗಿರೋ ಲವಣ, ಎಷ್ಟಿದೆ?

ತೊಗರಿನಾಡು
ಆರ್‌ಒ ನೀರು ರೀ. ಮಾಡ್ತಿರೋದು ತೊಮ್ ಖಾ, ಅಣಬೆ ಹಾಕಿ. ಹಾಲು ಮನೇದು. ಗಲಾಂಗಲ್ (ಶುಂಠಿ ಜಾತಿಯ ಗಡ್ಡೆ) ಸಿಗಲಿಲ್ಲ, ಶುಂಠಿ ಹಾಕಿದೆ. ನಿಂಬೆರಸ ಹಾಲಿನ ಜೊತೆಗೇ ಹಾಕಿ ಚೆನ್ನಾಗಿ ಕುದಿಸ್ತೀನಿ.

ಭೀಮಾತೀರ
ಸೂಪಿಗೆ ಆರ್‌ಒ, ಸರಿ. ಕಾಯಿ ರುಬ್ಬೋದಕ್ಕೆ ಯಾವ ನೀರು? ಪಾತ್ರೆ ತೊಳೆಯೋದಕ್ಕೆ?

ಮೆಣಸಿನಘಾಟು, ಕಲಬುರಗಿ
ಶುಂಠಿ ಹಾಕಿದ್ರೆ ಆ ರುಚಿ ಬರೋದೇ ಇಲ್ಲ. ಶುಂಠಿ ಖಾರ. ಗಲಾಂಗಲ್ಲಿಗೆ ಕರ್ಪೂರದಂಥ ಘಾಟು ಇರುತ್ತೆ. ಅದಿಲ್ಲದಿದ್ರೆ ತೊಮ್ ಖಾ ಅಂತ ಕರೀಬೇಡಿ.

ಕೋಟೆಕೆಳಗೆ
ಸಿಗದ ಊರಲ್ಲಿ ಇದ್ದದ್ದರಲ್ಲೇ ಮಾಡ್ಬೇಕಲ್ವಾ. ಶುಂಠಿ ಕಮ್ಮಿ ಮಾಡಿ ನಿಂಬೆ ಹುಲ್ಲು ಜಾಸ್ತಿ ಹಾಕಿದ್ರೆ ಆಯ್ತು. ಹುಲ್ಲಿನ ಬುಡ ಜಜ್ಜಿ ಹಾಕಿ. ಬರೀ ಎಲೆ ಹಾಕಿದ್ರೆ ಚಹಾದ ಪರಿಮಳ ಬರುತ್ತೆ, ಅಷ್ಟೇ.

ಈಗ ಹಾಲಿನ ವಿಷಯ. ತೆಂಗಿನ ಹಾಲಲ್ಲಿ ಕೊಬ್ಬನ್ನು ಹಿಡಿದಿಡೋದು ಪ್ರೋಟೀನ್. ಜೋರು ಕುದಿಗೆ ಅದು ಹೆಪ್ಪುಗಟ್ಟುತ್ತೆ, ಕೊಬ್ಬು ಬಿಟ್ಟುಕೊಳ್ಳುತ್ತೆ. ಹುಳಿ ಸೇರಿದ್ರೆ ಇನ್ನೂ ಬೇಗ. ಅಂಗಡಿ ಡಬ್ಬಿಗೆ ಎಷ್ಟೋ ಸಲ ಗ್ವಾರ್ ಗಮ್ ಥರದ ಗಟ್ಟಿ ಮಾಡೋ ಅಂಟು ಸೇರಿಸಿರ್ತಾರೆ, ಅದಕ್ಕೆ ತಡೆಯುತ್ತೆ. ಮನೆ ಹಾಲಿಗೆ ಆ ಬಲ ಇಲ್ಲ. ಎರಡನೇ ಸಲ ಹಿಂಡಿದ ತೆಳು ಹಾಲಲ್ಲೇ ಹುಲ್ಲು, ಶುಂಠಿ, ಅಣಬೆ ಬೇಯಿಸಿ. ಮೊದಲ ಗಟ್ಟಿ ಹಾಲು ಕೊನೆಗೆ, ಸಣ್ಣ ಉರಿಯಲ್ಲಿ. ಅಂಚಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಒಲೆ ಆರಿಸಿ. ನಿಂಬೆರಸ ಆಮೇಲೆ. ಫಿಶ್ ಸಾಸ್ ಬದಲು ತಿಳಿ ಸೋಯಾ ಸಾಸ್, ಉಪ್ಪು ಸಾಕು.

ಭೀಮಾತೀರ
ನಾನು ನೀರು ಅಂತಲೇ ಹೇಳ್ತೀನಿ. ನಮ್ಮ ಮನೇಲಿ ಫಿಲ್ಟರ್ ಹಾಕಿಸಿದ ಮೇಲೆ ಚಹಾನೂ ಬದಲಾಯ್ತು.

ಮೆಣಸಿನಘಾಟು
ಚಹಾ ಬೇರೆ, ಇದು ಬೇರೆ. ಅಂದ ಹಾಗೆ ನನ್ನ ಮಾಳಿಗೆ ಮೇಲೆ ನಿಂಬೆ ಹುಲ್ಲು, ಥಾಯ್ ತುಳಸಿ ಎರಡೂ ಇವೆ. ಮೇ ತಿಂಗಳ ಬಿಸಿಲಿಗೂ ಬಾಡಲಿಲ್ಲ, ಹಸಿರು ನೆಟ್ ಕಟ್ಟಿದ್ದೀನಿ. ರುಬ್ಬೋದು ಕಲ್ಲಿನ ಗ್ರೈಂಡರಲ್ಲೇ, ಮಿಕ್ಸಿ ಮುಟ್ಟಲ್ಲ.

ಭೀಮಾತೀರ
ಗ್ರೈಂಡರ್ ಎಷ್ಟು ಲೀಟರಿಂದು? ನಮ್ಮದು ಎರಡು ಲೀಟರ್, ಟಿಲ್ಟಿಂಗ್.

ತೊಗರಿನಾಡು
ನಿನ್ನೆ ಕೋಟೆಕೆಳಗೆ ಅವರು ಹೇಳಿದ ಹಾಗೆ ಮಾಡಿದೆ. ಹಾಲು ಒಡೆಯಲಿಲ್ಲ, ನುಣ್ಣಗೆ ಬಂತು! ಮೇಲೆ ಒಂದೆರಡು ಎಣ್ಣೆ ಹನಿ, ಅಷ್ಟೇ. ತುಂಬಾ ಥ್ಯಾಂಕ್ಸ್. ನೂಡಲ್ಸ್ ಮಾತ್ರ ಇನ್ನೂ ಮುದ್ದೆ. ಅಕ್ಕಿದೇ ತಂದಿದ್ದೀನಿ, ಸೂಪಲ್ಲೇ ಬೇಯಿಸ್ತೀನಿ.

ಕೋಟೆಕೆಳಗೆ
ಸೂಪಲ್ಲಿ ಬೇಡ. ಅಕ್ಕಿಯಲ್ಲಿ ಗ್ಲುಟನ್ (ಗೋಧಿಯಲ್ಲಿರೋ ಅಂಟು ಪ್ರೋಟೀನ್) ಇಲ್ಲ, ಬೇಗ ಕರಗುತ್ತೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಬಗ್ಗಿಸಿದ್ರೆ ಮುರಿಯಬಾರದು. ಬೇರೆ ಪಾತ್ರೆಯ ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಬಸಿದು ಬಟ್ಟಲಿಗೆ ಹಾಕಿ. ಸೂಪ್ ಮೇಲಿಂದ ಸುರಿಯಿರಿ. ಎಳೆ ಎಷ್ಟು ಅಗಲದ್ದು? ಅಗಲ ಇದ್ರೆ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಭೀಮಾತೀರ
ನೆನೆಸೋ ನೀರೂ ಆರ್‌ಒ ಇರಲಿ.