ಹಳೇ ಕಾಗದದಲ್ಲಿ "ಟಿಡಿಬಿ", "ಮಂಡಲ ಪಂಚಾಯ್ತಿ" ಅಂತ ಸೀಲ್ ಇದೆ, ಇವೆಲ್ಲ ಏನಾದ್ವು?

ಬಾಗೇಪಲ್ಲಿ ಕಡೆಯವ
ಇ-ಖಾತೆ ಮಾಡ್ಸೋಕೆ ತಾತನ ಟ್ರಂಕು ತೆಗ್ದೆ, ಮನೆ ಕಂದಾಯದ ರಸೀದಿಲಿ ನಮ್ ಪಂಚಾಯ್ತಿ ಹೆಸರೇ ಇಲ್ಲ, ಪಕ್ಕದೂರಿನ ಮಂಡಲ ಪಂಚಾಯ್ತಿ ಅಂತಿದೆ. ಇನ್ನೂ ಹಳೇ ಪತ್ರ ಒಂದ್ರಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿ, ಕೋಲಾರ ಜಿಲ್ಲೆ. ಕೋಲಾರ ಸರಿ, 2007ರವರೆಗೆ ನಾವು ಅಲ್ಲೇ ಇದ್ವಿ. ಉಳಿದಿದ್ದು ಯಾವ ಕಾಲದ್ದು? ಮನೇಲಿ ಕೇಳಿದ್ರೆ "ಹೆಗಡೆ ಕಾಲದ್ದಪ್ಪ" ಅಂತಾರೆ ಅಷ್ಟೇ.

ಚಿಂತಾಮಣಿ ಮೇಷ್ಟ್ರು
ಎರಡೂ ಬೇರೆ ಬೇರೆ ಕಾಲದ್ದು ಕಣಪ್ಪ. ಟಿಡಿಬಿ ಅಂದ್ರೆ ನೀನು ಹೇಳಿದ ಆ ತಾಲ್ಲೂಕು ಅಭಿವೃದ್ಧಿ ಮಂಡಳಿನೇ (ತಾಲ್ಲೂಕ್ ಡೆವಲಪ್‌ಮೆಂಟ್ ಬೋರ್ಡ್), ಬಂದಿದ್ದು 1959ರ ಕಾಯ್ದೆಲಿ, ಕೆಳಗೆ ಗ್ರಾಮ ಪಂಚಾಯ್ತಿ, ನಡುವೆ ತಾಲ್ಲೂಕು ಬೋರ್ಡು, ಮೇಲೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಬೋರ್ಡ್ ಮೆಂಬರುಗಳನ್ನ ಜನಾನೇ ಓಟು ಹಾಕಿ ಆರಿಸ್ತಿದ್ರು, 1978ರದ್ದೇ ಕೊನೆ ಚುನಾವಣೆ. ಆಮೇಲೆ ರಾಮಕೃಷ್ಣ ಹೆಗಡೆ ಸರ್ಕಾರ, ನಜೀರ್ ಸಾಬ್ ಮಂತ್ರಿ, 1983ರಲ್ಲಿ ಹೊಸ ಕಾನೂನು ಪಾಸಾದ್ರೂ ರಾಷ್ಟ್ರಪತಿ ಸಹಿ ಆಗೋಕೆ 1985 ಆಯ್ತು, 1987ರ ಜನವರೀಲಿ ಎಲೆಕ್ಷನ್ನು. 8ರಿಂದ 12 ಸಾವಿರ ಜನಕ್ಕೊಂದು ಮಂಡಲ, ಅದಕ್ಕೊಬ್ಬ ಪ್ರಧಾನ, ಹೆಂಗಸರಿಗೆ ಶೇ. 25 ಸೀಟು. ದೇಶಕ್ಕೆಲ್ಲ ಮೀಸಲಾತಿ ಬರೋಕೆ ಐದಾರು ವರ್ಷ ಮುಂಚೆ ಇದು! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಡಿಸಿಗಿಂತ ಸೀನಿಯರ್ ಐಎಎಸ್. ಎಂಎಲ್‌ಎಗಳಿಗೆ ಹೊಟ್ಟೆ ಉರೀದೆ ಇರುತ್ತಾ? 1992ರಲ್ಲಿ ಅವಧಿ ಮುಗೀತು, ಮತ್ತೆ ಚುನಾವಣೆ ಮಾಡ್ಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತ್ರು. ನನ್ನ ಕೇಳಿದ್ರೆ ಅಷ್ಟು ಅಧಿಕಾರ ಹಳ್ಳಿ ಕಡೆ ಬಂದಿದ್ದು ಅದೊಂದೇ ಸಲ.

ಗೌರಿಬಿದನೂರು ಲೋಕಲ್
ಮೇಷ್ಟ್ರೇ, ಒಂದು ತಕರಾರು. ಅಧಿಕಾರ ಹಳ್ಳಿಗಿಂತ ಜಾಸ್ತಿ ಹೋಗಿದ್ದು ಕೋಲಾರಕ್ಕೆ. ನಮ್ ಕಡೆಯವರು ತಾಲ್ಲೂಕಿನ ಬಿಡಿಓ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಆಫೀಸಲ್ಲಿ ಮುಗಿಸ್ಕೊಂಡು ಬರ್ತಿದ್ದ ಕೆಲ್ಸಕ್ಕೆ ಬಸ್ ಹತ್ತಿ ಕೋಲಾರಕ್ಕೆ ಹೋದ್ರೆ ಇಡೀ ದಿನ ಹಾಳು. ತಾಲ್ಲೂಕಿಗೆ ಸಮಿತಿ ಅಂತೇನೋ ಇಟ್ರು, ಅದಕ್ಕೆ ಓಟೇ ಇಲ್ಲ, ಎಂಎಲ್‌ಎನೇ ಅಧ್ಯಕ್ಷ. ಓಟು ಹಾಕಿ ಆರಿಸ್ತಿದ್ದ ಬೋರ್ಡ್ ತೆಗೆದು ಇದನ್ನ ತಂದಿದ್ದು ಯಾವ ವಿಕೇಂದ್ರೀಕರಣ ಸ್ವಾಮಿ. ಹಂಗಂತ ನಜೀರ್ ಸಾಬ್ರನ್ನ ಬಯ್ಯೋ ಹಂಗಿಲ್ಲ, ಬೋರ್‌ವೆಲ್ ಹಾಕ್ಸಿ ಹಾಕ್ಸಿನೇ "ನೀರ್ ಸಾಬ್" ಆದವರು, ನಮ್ಮಂಥ ಬರಗಾಲದ ಸೀಮೇಲಿ ಅದನ್ನ ಯಾರೂ ಮರೆತಿಲ್ಲ.

ಚಿಂತಾಮಣಿ ಮೇಷ್ಟ್ರು
ತಾಲ್ಲೂಕು ಸಮಿತಿ ವಿಷ್ಯ ಒಪ್ಪಿದೆ. 1993ರ ಕಾಯ್ದೆಲಿ ತಾಲ್ಲೂಕು ಪಂಚಾಯ್ತಿಗೆ ಮತ್ತೆ ಓಟು ಬಂತು, ದುಡ್ಡು ಮಾತ್ರ ಬರ್ಲಿಲ್ಲ 😀

ಬಾಗೇಪಲ್ಲಿ ಕಡೆಯವ
ಥ್ಯಾಂಕ್ಸ್ ಸಾರ್. ಹಂಗಾದ್ರೆ ನಮ್ಮೂರು ಪಕ್ಕದೂರಿನ ಮಂಡಲದಿಂದ ಕಿತ್ಕೊಂಡು ಬಂದಿದ್ದು 1993ರಲ್ಲಾ?

ಶಿಡ್ಲಘಟ್ಟ ರೇಷ್ಮೆ
ಹೂಂ ಬ್ರೋ. 5ರಿಂದ 7 ಸಾವಿರ ಜನಕ್ಕೊಂದು ಗ್ರಾಮ ಪಂಚಾಯ್ತಿ ಅಂತ ಮಾಡಿದ್ರು, ರಾಜ್ಯದಲ್ಲಿ 2500 ಚಿಲ್ರೆ ಇದ್ದ ಮಂಡಲ ಒಡೆದು 5600 ಆಸುಪಾಸು ಪಂಚಾಯ್ತಿ ಆದ್ವು. ನಿಮ್ ಪಿಡಿಓ ರೆಕಾರ್ಡ್ ಇಲ್ಲ ಅಂದ್ರೆ ಅಲ್ಲೇ ಜಗಳ ಆಡ್ಬೇಡಿ, ಮಂಡಲದ ಆಫೀಸಿದ್ದ ಆ ಪಕ್ಕದೂರಿನ ಪಂಚಾಯ್ತೀಲಿ ಹಳೇ ಡಿಮ್ಯಾಂಡ್ ರಿಜಿಸ್ಟರ್ (ಮನೆ ಕಂದಾಯ ಬರೆದಿಡೋ ಪುಸ್ತಕ) ಇದ್ಯಾ ಕೇಳಿ, ಬಾಯಲ್ಲಿ ಕೇಳಿದ್ರೆ ನಾಳೆ ಬಾ ಅಂತಾರೆ, ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.