ಎಡ್ ಟೆಂಪಲ್ ಅವರ 40 ಒಲಿಂಪಿಯನ್ನರು: ಹಣವಿಲ್ಲದ ಕಾಲೇಜಿನಲ್ಲಿ ಇದು ಸಾಧ್ಯವಾದದ್ದು ಹೇಗೆ?

ಮಣ್ಣಿನ_ಟ್ರ್ಯಾಕ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ದೈಹಿಕ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿರುವುದು 200 ಮೀಟರಿನ ಮಣ್ಣಿನ ಟ್ರ್ಯಾಕ್. ಕೂಟದ ಹಿಂದಿನ ಸಂಜೆ ಸುಣ್ಣದ ಪುಡಿಯಲ್ಲಿ ಲೇನ್ ಎಳೆದು ಮನೆಗೆ ಹೋದರೆ, ರಾತ್ರಿ ಸಣ್ಣ ಮಳೆ ಬಿದ್ದರೂ ಬೆಳಿಗ್ಗೆ ಮೊದಲಿನಿಂದ ಎಳೆಯಬೇಕಾಗುತ್ತದೆ.

ಇತ್ತೀಚೆಗೆ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿರುವ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರ ಎಡ್ ಟೆಂಪಲ್ (1927–2016) ಅವರ ಬಗ್ಗೆ ಓದಿದೆ. 1950ರಿಂದ 1994ರವರೆಗೆ ಅದೊಂದೇ ಸಂಸ್ಥೆಯಲ್ಲಿದ್ದು 'ಟೈಗರ್‌ಬೆಲ್ಸ್' ಎಂಬ ಮಹಿಳಾ ಅಥ್ಲೆಟಿಕ್ ತಂಡವನ್ನು ಬೆಳೆಸಿದ ಅವರ ಶಿಷ್ಯೆಯರಲ್ಲಿ 40 ಮಂದಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು, 23 ಪದಕಗಳನ್ನು ಗೆದ್ದರು, ಆ 40 ಮಂದಿಯಲ್ಲಿ 39 ಮಂದಿ ಪದವಿಯನ್ನೂ ಪೂರೈಸಿದರು ಎಂದು ತಿಳಿಯಿತು. ಪದಕಗಳ ಸಂಖ್ಯೆಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಆ 39. ನಾನು ತರಬೇತಿ ಕೊಟ್ಟವರಲ್ಲಿ ವಿಶ್ವವಿದ್ಯಾಲಯ ಮಟ್ಟದಲ್ಲಿ ಪದಕ ಗೆದ್ದ ಹುಡುಗಿಯರು ಈವರೆಗೆ ಮೂವರು. ಅವರಲ್ಲಿ ಇಬ್ಬರು ಪದವಿಯನ್ನೇ ಮುಗಿಸಲಿಲ್ಲ, ಮತ್ತು ಅದರಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು.

ಟೆಂಪಲ್ ಅವರಿಗೆ ಒಳ್ಳೆಯ ಮೈದಾನವೂ ಇರಲಿಲ್ಲ, ಹಣವೂ ಇರಲಿಲ್ಲ ಎನ್ನುತ್ತಾರೆ. ಹಾಗಿದ್ದರೆ ಅವರು ಹುಡುಗಿಯರನ್ನು ಎಲ್ಲಿಂದ ತಂದರು, ಹೇಗೆ ಉಳಿಸಿಕೊಂಡರು? ಆ 23ರ ಲೆಕ್ಕ ಹೇಗೆ ಬಂತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಸ್ಟಾಪ್‌ವಾಚ್ ಅವರ ಉತ್ತರ

ಸರ್, ಮೊದಲು ನಿಮ್ಮ ಸುಣ್ಣದ ಪುಡಿಯ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಟೆಂಪಲ್ ಅವರಿಗೂ ಅದೇ ತಲೆನೋವಿತ್ತು. ಅವರಿಗೆ ಸಿಕ್ಕಿದ್ದು ಗೆರೆಗಳೇ ಇಲ್ಲದ ಮಣ್ಣಿನ ಟ್ರ್ಯಾಕ್. ಅದಕ್ಕೆ ಲೇನ್ ಎಳೆಸಿದ್ದು ಅವರ ಸ್ವಂತ ಖರ್ಚಿನಲ್ಲಿ. ಆರಂಭದ ಸಂಬಳ ತಿಂಗಳಿಗೆ 150 ಡಾಲರ್, ಅದರೊಂದಿಗೆ ಕ್ಯಾಂಪಸ್ಸಿನ ಅಂಚೆ ಕಚೇರಿಯನ್ನು ನಡೆಸುವ ಜವಾಬ್ದಾರಿಯೂ ಅವರದೇ ಆಗಿತ್ತು. ಮುಂದೆ ಅವರು ಅಲ್ಲಿಯೇ ಸಮಾಜಶಾಸ್ತ್ರದ ಪಾಠವನ್ನೂ ಮಾಡಿದರು. ಪತ್ನಿ ಚಾರ್ಲಿ ಬಿ. ಟೆಂಪಲ್ ಅವರು ಮನೆಬಿಟ್ಟು ಬಂದ ಆ ಹುಡುಗಿಯರನ್ನು ತಾಯಿಯಂತೆ ನೋಡಿಕೊಂಡರು. ಟೆಂಪಲ್ ಅವರ ಹೆಸರು ಹೇಳುವಾಗಲೆಲ್ಲ ಈ ಹೆಸರನ್ನೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಅದು ಕರಿಯರಿಗಾಗಿಯೇ ಸ್ಥಾಪಿತವಾದ ವಿದ್ಯಾಸಂಸ್ಥೆ, ಕಾಲವೋ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದವು ಕಾನೂನೇ ಆಗಿದ್ದ ಕಾಲ. ದೂರದ ಕೂಟಗಳಿಗೆ ಹುಡುಗಿಯರನ್ನು ಕಾರಿನಲ್ಲಿ ತುಂಬಿಕೊಂಡು ಟೆಂಪಲ್ ಅವರೇ ಓಡಿಸಿಕೊಂಡು ಹೋಗುತ್ತಿದ್ದರು. ದಾರಿಯ ಹೋಟೆಲುಗಳಲ್ಲಿ ಊಟ ಸಿಗುವಂತಿರಲಿಲ್ಲವಾದ್ದರಿಂದ ಬುತ್ತಿ ಕಟ್ಟಿಕೊಂಡೇ ಹೊರಡಬೇಕಿತ್ತು; ಪೆಟ್ರೋಲ್ ಬಂಕುಗಳ ಶೌಚಾಲಯಕ್ಕೂ ಪ್ರವೇಶವಿರಲಿಲ್ಲ, ರಸ್ತೆಯ ಪಕ್ಕದ ಹೊಲವೇ ಗತಿಯಾಗಿತ್ತು. ಹೀಗೆ ನೂರಾರು ಮೈಲಿ ಕುಳಿತು ಬಂದ ಕಾಲುಗಳೇ ಮರುದಿನ ರಾಷ್ಟ್ರೀಯ ಕೂಟದಲ್ಲಿ ಓಡಬೇಕಿತ್ತು.

ಹುಡುಗಿಯರನ್ನು ಎಲ್ಲಿಂದ ತಂದರು ಎಂದು ಕೇಳಿದ್ದೀರಿ. ಹೈಸ್ಕೂಲಿನಿಂದ, ಬೇಸಿಗೆ ರಜೆಯಲ್ಲಿ. ಅವರ ಇಡೀ ವ್ಯವಸ್ಥೆಯ ಬೇರು ಇರುವುದು ಕಾಲೇಜಿಗೆ ಸೇರುವ ವಯಸ್ಸಿಗೂ ಮೊದಲೇ ನಡೆಯುತ್ತಿದ್ದ ಆ ಬೇಸಿಗೆ ಶಿಬಿರದಲ್ಲಿ. ಹದಿನೈದು ಹದಿನಾರರ ಹುಡುಗಿಯರನ್ನು ನ್ಯಾಶ್‌ವಿಲ್‌ಗೆ ಕರೆಸಿಕೊಂಡು, ಬೆಳಗಿನ ಐದಕ್ಕೆ ಆರಂಭಿಸಿ ದಿನಕ್ಕೆ ಮೂರು ಬಾರಿ ಅಭ್ಯಾಸ ಮಾಡಿಸುತ್ತಿದ್ದರು. ಮನೆಗೆ ಮರಳಿದ ಮೇಲೂ ಮತ್ತೆ ಬರುವ ಆಸೆ ಯಾರಲ್ಲಿ ಉಳಿಯಿತೋ ಅವರೇ ಮುಂದಿನ ತಂಡ.

ಮುಂದೆ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಸಿಕ್ಕಿದ್ದಂತೂ ಓಟದ ಕೂಟದಲ್ಲಿಯೇ ಅಲ್ಲ. ಟೆಂಪಲ್ ಅವರು ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದರು. ಕ್ಲಾರ್ಕ್ಸ್‌ವಿಲ್‌ನ ಶಾಲಾ ತಂಡದಲ್ಲಿ ಆಡುತ್ತಿದ್ದ ಆ ಎತ್ತರದ, ತೆಳ್ಳನೆಯ ಹುಡುಗಿ ಅವರ ಕಣ್ಣಿಗೆ ಬಿದ್ದದ್ದು ಅಲ್ಲಿ. ತಂದೆಯ 22 ಮಕ್ಕಳಲ್ಲಿ 20ನೆಯವಳಾಗಿ 1940ರಲ್ಲಿ ಹುಟ್ಟಿ, ಪೋಲಿಯೊದಿಂದ ಎಡಗಾಲು ಸೊರಗಿ, ಬಾಲ್ಯದ ಬಹುಪಾಲನ್ನು ಲೋಹದ ಪಟ್ಟಿ ಕಟ್ಟಿಕೊಂಡೇ ಕಳೆದ ಆಕೆ, 16ನೇ ವಯಸ್ಸಿಗೆ ಮೆಲ್ಬರ್ನ್ ಒಲಿಂಪಿಕ್ಸ್‌ನ 4x100 ಮೀಟರ್ ರಿಲೇಯಲ್ಲಿ ಕಂಚು ಗೆದ್ದಳು. ಆಗ ಅವಳೊಂದಿಗೆ ಓಡಿದ ಮೇ ಫ್ಯಾಗ್ಸ್, ಮಾರ್ಗರೆಟ್ ಮ್ಯಾಥ್ಯೂಸ್, ಇಸಬೆಲ್ ಡೇನಿಯಲ್ಸ್ ಮೂವರೂ ಟೆಂಪಲ್ ಅವರ ತಂಡದವರೇ.

ಕೂಡಿಸಿ_ಕಳೆದು ಅವರ ಉತ್ತರ

23ರ ಲೆಕ್ಕವನ್ನು ನಾನೊಮ್ಮೆ ಕಾಗದದ ಮೇಲೆ ಹಾಕಿ ನೋಡಿದ್ದೆ. ರಿಲೇ ಪದಕವನ್ನು ತಂಡಕ್ಕೊಂದರಂತೆ ಅಲ್ಲದೆ ಓಡಿದವರಿಗೆ ತಲಾ ಒಂದರಂತೆ ಎಣಿಸಿದರೆ ಮಾತ್ರ ಅದು ಸರಿಹೊಂದುತ್ತದೆ.

1960ರ ರೋಮ್‌ನಲ್ಲಿ ರುಡಾಲ್ಫ್ ಗೆದ್ದ ಮೂರು ಚಿನ್ನ, ಅಲ್ಲಿನ ರಿಲೇಯಲ್ಲಿ ಅವರೊಂದಿಗೆ ಓಡಿದ ಮಾರ್ಥಾ ಹಡ್ಸನ್, ಬಾರ್ಬರಾ ಜೋನ್ಸ್ ಮತ್ತು ಲುಸಿಂಡಾ ವಿಲಿಯಮ್ಸ್ ಅವರ ಮೂರು. 1964ರ ಟೋಕಿಯೊದಲ್ಲಿ 100 ಮೀಟರ್ ಗೆದ್ದ ವಯೋಮಿಯಾ ಟೈಯಸ್ ಮತ್ತು 200 ಮೀಟರ್ ಗೆದ್ದ ಈಡಿತ್ ಮೆಗ್ವಾಯರ್ ಅವರಿಂದ ಎರಡು. 1968ರ ಮೆಕ್ಸಿಕೊದಲ್ಲಿ ಟೈಯಸ್ ಅವರಿಂದ ಮತ್ತೆ ಎರಡು, 800 ಮೀಟರಿನಲ್ಲಿ ಮ್ಯಾಡ್ಲಿನ್ ಮ್ಯಾನಿಂಗ್ ಅವರಿಂದ ಒಂದು. 1984ರಲ್ಲಿ ಶಾಂಡ್ರಾ ಚೀಸ್‌ಬರೋ ಎರಡೂ ರಿಲೇಗಳಲ್ಲಿ ಗೆದ್ದ ಎರಡು. ಒಟ್ಟು 13 ಚಿನ್ನ. ಬೆಳ್ಳಿ 6, ಕಂಚು 4, ಆ ನಾಲ್ಕೂ ಮೇಲೆ ಹೇಳಿದ ಮೆಲ್ಬರ್ನ್ ರಿಲೇಯವು. ಉದ್ದ ಜಿಗಿತಗಾರ್ತಿ ವಿಲ್ಲೀ ವೈಟ್ ಅವರ 1956ರ ಬೆಳ್ಳಿಯನ್ನೂ 1964ರ ರಿಲೇ ಬೆಳ್ಳಿಯನ್ನೂ ಈ ಪಟ್ಟಿಗೆ ಸೇರಿಸಿದರೆ ಮೊತ್ತ 25 ಆಗುತ್ತದೆ, ಆದ್ದರಿಂದ ಅವೆರಡನ್ನು ಬಿಟ್ಟಿರುವಂತೆ ಕಾಣುತ್ತದೆ. ಟೆಂಪಲ್ ಅವರ ಪರವಾಗಿ ಲೆಕ್ಕವನ್ನು ಹಿಗ್ಗಿಸಿಲ್ಲ ಎಂಬುದಷ್ಟೇ ಇದರಿಂದ ನನಗೆ ತಿಳಿದದ್ದು.

ಎಂಟನೇ_ಲೇನ್ ಅವರ ಉತ್ತರ

ಎಲ್ಲರೂ ಹೊಗಳುತ್ತಿರುವಲ್ಲಿ ಒಂದು ಅನುಮಾನವನ್ನು ಇಡುತ್ತೇನೆ, ಬೇಸರಿಸಬಾರದು. ಟೆಂಪಲ್ ಅವರ ಉಚ್ಛ್ರಾಯದ ಕಾಲದಲ್ಲಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಥ್ಲೆಟಿಕ್ಸ್ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ 'ಟೈಟಲ್ ನೈನ್' ಕಾನೂನು ಬಂದದ್ದು 1972ರಲ್ಲಿ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯು ಮಹಿಳೆಯರಿಗೆ ಹೊರಾಂಗಣ ಅಥ್ಲೆಟಿಕ್ ಚಾಂಪಿಯನ್‌ಷಿಪ್ ಆರಂಭಿಸಿದ್ದು 1982ರಲ್ಲಿ. ಓಡುವ ಆಸೆಯುಳ್ಳ ದಕ್ಷಿಣದ ಕರಿಯ ಹುಡುಗಿಗೆ ಹೋಗಲು ಇದ್ದ ಬಾಗಿಲುಗಳೇ ಬೆರಳೆಣಿಕೆಯವು. ಪೈಪೋಟಿಯಿಲ್ಲದ ಪೇಟೆಯಲ್ಲಿ ಒಳ್ಳೆಯ ಸರಕೆಲ್ಲ ಒಂದೇ ಅಂಗಡಿಗೆ ಬಂದಂತಾಯಿತಲ್ಲವೇ? ಅವರ 13 ಚಿನ್ನಗಳಲ್ಲಿ 11 ಬಂದಿರುವುದು 1968ರೊಳಗೆ. ಇತರ ವಿಶ್ವವಿದ್ಯಾಲಯಗಳು ಹುಡುಗಿಯರಿಗೂ ವಿದ್ಯಾರ್ಥಿವೇತನ ಕೊಡತೊಡಗಿದ ಮೇಲೆ ಟೆಂಪಲ್ ಅವರ ಪಾಲು ಕಡಿಮೆಯಾಯಿತು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಇನ್ನೊಂದು ಮಾತು. ಹುಡುಗರ ಕಾರು ಹತ್ತಬಾರದು ಎಂಬಂಥ ಅವರ ನಿಯಮಗಳನ್ನು ಇಂದು ಯಾವ ಕಾಲೇಜಿನಲ್ಲಿ ಹೇರಲಾದೀತು?

ಮೂರನೇ_ಓಟ ಅವರ ಉತ್ತರ

ನಾನು ಕಾಲೇಜು ದಿನಗಳಲ್ಲಿ ನಾಲ್ಕು ವರ್ಷ ರಿಲೇಯ ಮೂರನೇ ಲೆಗ್ (ನಾಲ್ವರಲ್ಲಿ ಮೂರನೆಯವರು ಓಡುವ ಭಾಗ) ಓಡಿದವಳು, ಆದ್ದರಿಂದ ಈ ಚರ್ಚೆಗೆ ನನ್ನದೂ ಒಂದಿಷ್ಟು.

ಎಂಟನೇ_ಲೇನ್ ಅವರ ಅಂಕಿಗಳು ಸರಿಯಾಗಿವೆ, ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಾಗಿಲುಗಳು ಕೆಲವೇ ಇದ್ದವು, ನಿಜ. ಆದರೆ ಟೆಂಪಲ್ ಅವರ ಬಾಗಿಲು ತಾನಾಗಿ ತೆರೆದುಕೊಂಡದ್ದಲ್ಲ. ಮೊದಲ ಹಲವು ವರ್ಷ ಅವರ ಹುಡುಗಿಯರಿಗೂ ಕ್ರೀಡಾ ವಿದ್ಯಾರ್ಥಿವೇತನವಿರಲಿಲ್ಲ. ಕ್ಯಾಂಪಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಮಾಡಿ ತಮ್ಮ ಖರ್ಚನ್ನು ಭರಿಸುತ್ತಿದ್ದರು. ಇನ್ನು ಪೈಪೋಟಿ ಇರಲಿಲ್ಲ ಎಂಬ ಮಾತು ಕಾಲೇಜುಗಳ ಮಟ್ಟಿಗೆ ಸರಿ, ಆದರೆ ಒಲಿಂಪಿಕ್ಸ್‌ನಲ್ಲಿ ಎದುರಿಗಿದ್ದವರು ಸೋವಿಯತ್ ಒಕ್ಕೂಟ, ಜರ್ಮನಿ, ಪೋಲೆಂಡ್‌ಗಳ ಓಟಗಾರ್ತಿಯರು. ಅವರ ಬೆನ್ನಿಗೆ ಸರ್ಕಾರಗಳಿದ್ದವು; ಇವರ ಬೆನ್ನಿಗಿದ್ದದ್ದು ಅಂಚೆ ಕಚೇರಿ ನಡೆಸುತ್ತಿದ್ದ ಒಬ್ಬ ಮೇಷ್ಟ್ರು. 1960 ಮತ್ತು 1964ರಲ್ಲಿ ಅಮೆರಿಕದ ಮಹಿಳಾ ಒಲಿಂಪಿಕ್ ತಂಡಕ್ಕೆ ಅವರನ್ನೇ ಮುಖ್ಯ ತರಬೇತುದಾರರನ್ನಾಗಿ ನೇಮಿಸಿದ್ದು ಸುಮ್ಮನೆ ಅಲ್ಲ.

ರೋಮ್‌ನ ಆ ರಿಲೇ ಫೈನಲ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಲ್ವರೂ ಒಂದೇ ಕಾಲೇಜಿನವರು, ಸೆಮಿಫೈನಲ್‌ನಲ್ಲಿ 44.4 ಸೆಕೆಂಡುಗಳ ವಿಶ್ವದಾಖಲೆ ಮಾಡಿದವರು. ಫೈನಲ್‌ನಲ್ಲಿ ಮೂರನೇ ಲೆಗ್ ಓಡಿದ ಲುಸಿಂಡಾ ವಿಲಿಯಮ್ಸ್ ಅವರ ಕೈಯಿಂದ ರುಡಾಲ್ಫ್ ಅವರ ಕೈಗೆ ಬ್ಯಾಟನ್ ದಾಟುವಾಗ ಹಿಡಿತ ತಪ್ಪಿತು. ಬ್ಯಾಟನ್ ಕೊಡುವವಳ ಸಂಕಟ ನನಗೆ ಗೊತ್ತು: ವೇಗದಲ್ಲಿ ಬಂದ ಮೈ ಇನ್ನೂ ಮುಂದಕ್ಕೆ ನುಗ್ಗುತ್ತಿರುತ್ತದೆ, ಮುಂದಿನವಳ ತೆರೆದ ಅಂಗೈ ಅಲುಗಾಡುತ್ತಿರುತ್ತದೆ, ಅವಳ ಬೆರಳು ಬಿಗಿಯುವವರೆಗೆ ನೀವು ಬಿಡುವಂತಿಲ್ಲ, ಬ್ಯಾಟನ್ ದಾಟಿಸಬೇಕಾದ ವಲಯದ ಕೊನೆಯ ಗೆರೆಯೋ ಕಾಲ ಕೆಳಗೇ ಬಂದುಬಿಟ್ಟಿರುತ್ತದೆ. ಆ ಕ್ಷಣದಲ್ಲಿ ಬ್ಯಾಟನ್ ಕೆಳಗೆ ಬೀಳದಂತೆ ಇಬ್ಬರೂ ನೋಡಿಕೊಂಡರು; ಹಿಂದೆ ಬಿದ್ದ ರುಡಾಲ್ಫ್ ಮುಂದಿದ್ದವರನ್ನು ಹಿಡಿದು ದಾಟಿ 44.5ರಲ್ಲಿ ಮುಗಿಸಿದರು, ಜರ್ಮನಿ 44.8. ಜನ ಇದನ್ನು ರುಡಾಲ್ಫ್ ಅವರ ವೇಗದ ಕಥೆಯಾಗಿ ಹೇಳುತ್ತಾರೆ. ಬ್ಯಾಟನ್ ಬೀಳದೇ ಉಳಿದದ್ದು, ನನ್ನ ಪ್ರಕಾರ, ಒಂದೇ ಮೈದಾನದಲ್ಲಿ ಕೈಗೆ ಕೈ ಪಳಗಿದ ಅಭ್ಯಾಸದ ಫಲ. ಬೇರೆ ಬೇರೆ ಊರುಗಳಿಂದ ಕಡೆಗಳಿಗೆಯಲ್ಲಿ ಕೂಡಿಸಿದ ನಾಲ್ವರಾಗಿದ್ದರೆ ಅದು ನೆಲಕ್ಕೆ ಬಿದ್ದಿರುತ್ತಿತ್ತು.

ನಿಯಮಗಳ ವಿಷಯ. ಅಭ್ಯಾಸಕ್ಕೆ ತಡವಾದರೆ ನಿಮಿಷಕ್ಕೊಂದು ಸುತ್ತು ಹೆಚ್ಚುವರಿ ಓಟ; ಒಮ್ಮೆ ಅರ್ಧ ಗಂಟೆ ತಡವಾಗಿ ಎದ್ದ ರುಡಾಲ್ಫ್ 30 ಸುತ್ತು ಓಡಿ, ಮರುದಿನ ಅರ್ಧ ಗಂಟೆ ಮೊದಲೇ ಬಂದು ಕುಳಿತಿದ್ದರಂತೆ. ಇಷ್ಟು ಕಟ್ಟುನಿಟ್ಟಾದ ಮನುಷ್ಯ ತನ್ನದೇ ನಿಯಮವನ್ನು ಮುರಿದದ್ದೂ ಉಂಟು. ತಾಯಂದಿರನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಅವರ ಪದ್ಧತಿ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಗರ್ಭಿಣಿಯಾಗಿ ಮಗಳನ್ನು ಹೆತ್ತ ರುಡಾಲ್ಫ್ ಅವರನ್ನು 1958ರಲ್ಲಿ ಅವರು ಆ ಪದ್ಧತಿಯನ್ನು ಬದಿಗಿಟ್ಟು ಸೇರಿಸಿಕೊಂಡರು. ಎರಡು ವರ್ಷಗಳ ನಂತರದ ರೋಮ್ ಕಥೆಯೆಲ್ಲ ಆ ಒಂದು ಒಪ್ಪಿಗೆಯ ಮೇಲೆ ನಿಂತಿದೆ. ಹುಡುಗರ ಕಾರಿನ ನಿಯಮ ನನಗೂ ಹಿಡಿಸುವುದಿಲ್ಲ, ಅದನ್ನು ಅಲ್ಲಿಗೇ ಬಿಡೋಣ.

ಟೈಯಸ್ ಅವರ ಬಗ್ಗೆ ಇಲ್ಲಿ ಹೆಚ್ಚು ಬರಲಿಲ್ಲ. ಜಾರ್ಜಿಯಾದ ಗ್ರಿಫಿನ್‌ನಿಂದ ಬೇಸಿಗೆ ಶಿಬಿರದ ಮೂಲಕವೇ ಬಂದ ಅವರು ಟೋಕಿಯೊ ಮತ್ತು ಮೆಕ್ಸಿಕೊ ಎರಡರಲ್ಲೂ 100 ಮೀಟರ್ ಗೆದ್ದು, ಗಂಡಸರೂ ಸೇರಿದಂತೆ ಆ ಪ್ರಶಸ್ತಿಯನ್ನು ಉಳಿಸಿಕೊಂಡ ಮೊದಲಿಗರಾದರು. ಟೋಕಿಯೊದಲ್ಲಿ ಅವರು ಹಿಂದಿಕ್ಕಿದ್ದು ತಮ್ಮದೇ ತಂಡದ ಮೆಗ್ವಾಯರ್ ಅವರನ್ನು. ಒಂದೇ ಕಾಲೇಜಿನ ಇಬ್ಬರು ಒಲಿಂಪಿಕ್ 100 ಮೀಟರಿನಲ್ಲಿ ಚಿನ್ನ, ಬೆಳ್ಳಿ ಹಂಚಿಕೊಂಡರು ಎಂದರೆ, ಅವರ ದಿನನಿತ್ಯದ ಅಭ್ಯಾಸವೇ ಒಂದು ವಿಶ್ವ ಫೈನಲ್ ಆಗಿತ್ತು ಎಂದಾಯಿತು.

ನಮ್ಮವರಿಗೂ ಈ ಕಥೆಗೂ ಒಂದು ಎಳೆಯ ಸಂಬಂಧವಿದೆ. 1984ರ ಲಾಸ್ ಏಂಜಲೀಸ್‌ನಲ್ಲಿ ಎಂ.ಡಿ. ವಲ್ಸಮ್ಮ, ವಂದನಾ ರಾವ್, ಶೈನಿ ಅಬ್ರಹಾಂ ಮತ್ತು ಪಿ.ಟಿ. ಉಷಾ ಅವರಿದ್ದ ಭಾರತ ತಂಡ 4x400 ಮೀಟರ್ ರಿಲೇ ಫೈನಲ್‌ನಲ್ಲಿ ಏಳನೆಯದಾಯಿತು. ಅದೇ ಓಟದಲ್ಲಿ ಅಮೆರಿಕಕ್ಕೆ ಕೊನೆಯ ಲೆಗ್ ಓಡಿ ಚಿನ್ನ ಮುಟ್ಟಿಸಿದವರು ಟೆಂಪಲ್ ಅವರ ಶಿಷ್ಯೆ ಚೀಸ್‌ಬರೋ. ಗುರುಗಳು 1994ರಲ್ಲಿ ನಿವೃತ್ತರಾದಾಗ ಅವರ ಜಾಗಕ್ಕೆ ಬಂದವರೂ ಅವರೇ.

ಎಂಟನೇ_ಲೇನ್ ಅವರ ಮರುಮಾತು

ಬ್ಯಾಟನ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ ಮೇಡಂ. ಪೈಪೋಟಿಯ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಆದರೆ ಆ 39 ಪದವಿಗಳಿಗೆ ಅದು ಅನ್ವಯಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಪರೀಕ್ಷೆ ಪಾಸಾಗಲು ಪೈಪೋಟಿ ಇಲ್ಲದಿರುವುದರಿಂದ ಏನೂ ಸಹಾಯವಾಗದು.

ಮಣ್ಣಿನ_ಟ್ರ್ಯಾಕ್ ಅವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಏಪ್ರಿಲ್ ರಜೆಯಲ್ಲಿ ಸುತ್ತಲಿನ ಪ್ರೌಢಶಾಲೆಗಳ ಹುಡುಗಿಯರಿಗೆ ಎರಡು ವಾರಗಳ ಶಿಬಿರ ನಡೆಸಲು ಹಾಸ್ಟೆಲಿನ ನಾಲ್ಕು ಕೊಠಡಿಗಳನ್ನು ಕೊಡಿಸಬೇಕೆಂದು ಪ್ರಾಂಶುಪಾಲರಿಗೆ ಪತ್ರ ಬರೆದಿದ್ದೇನೆ. ಬೆಳಗಿನ ಐದು ಗಂಟೆಯನ್ನು ಮಾತ್ರ ಐದೂವರೆ ಮಾಡಿಕೊಂಡಿದ್ದೇನೆ. ಪದವಿ ಮುಗಿಸದ ಆ ಇಬ್ಬರಲ್ಲಿ ಒಬ್ಬಳು ಇದೇ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಿನ್ನೆ ಹೋಗಿ ವಿಚಾರಿಸಿದೆ, ಅವಳಿಗೆ ಉಳಿದಿರುವುದು ಎರಡು ವಿಷಯಗಳಂತೆ. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಯಾವಾಗ ಎಂದು ಅವಳೇ ಕೇಳಿದಳು.